ಜೇಜುರಿಯೂ ಒಂದು ಶಾಲೆ

ನಮ್ಮ ಬಾಂಧವರು ರಜೆ ಸಿಕ್ಕಾಗ ಹೆಂಡಿರು ಮಕ್ಕಳೊಡನೆ ಬುತ್ತಿ ಕಟ್ಟಿಕೊಂಡು, ಪುಣೆಯಿಂದ ಸುಮಾರು 50 ಕಿಲೋಮೀಟರು ದೂರದ ಜೇಜುರಿಗೆ ಹೋಗುತ್ತಾರೆ; ಒಂದು ರಾತ್ರಿ ತಂಗಿ, ಭಂಡಾರ ಎರಚಿ, ಕೈಮುಗಿದು ಮರಳುತ್ತಾರೆ. ಖರ್ಚು ಹೇಗೂ ಆಗುತ್ತದೆ. ಮಕ್ಕಳು ಬರಿಗೈಯಲ್ಲಿ ಮರಳಬಾರದೆಂಬುದೇ ನಮ್ಮ ಮಾತು.

ಗಡದ ಮೆಟ್ಟಿಲುಗಳನ್ನು ಮಗು ಕನ್ನಡದಲ್ಲಿ ಎಣಿಸುತ್ತ ಹತ್ತಲಿ. ಭಂಡಾರವೆಂದರೆ ಅರಿಸಿನದ ಪುಡಿ ಎಂಬುದನ್ನು ಮೂಸಿ ತಿಳಿಯಲಿ. ಕಲ್ಲಿನ ದೀಪಮಾಲೆಗಳನ್ನು ತೋರಿಸಿರಿ. ಸೋಮವತಿ ಅಮಾವಾಸ್ಯೆಗೆ ದೇವರ ಪಲ್ಲಕ್ಕಿ ಸ್ನಾನಕ್ಕೆ ಹೋಗುವ ಕರ್ಹಾ ನದಿ ಯಾವ ದಿಕ್ಕಿಗಿದೆ ಎಂದು ಕೇಳಿರಿ.

ಎಲ್ಲಕ್ಕಿಂತ ದೊಡ್ಡ ಪಾಠ ಅಲ್ಲಿನ ಜಯಘೋಷದಲ್ಲಿದೆ: "ಯೇಳಕೋಟ ಯೇಳಕೋಟ ಜಯ ಮಲ್ಹಾರ." ಮರಾಠಿಯಲ್ಲಿ ಏಳಕ್ಕೆ "ಸಾತ್" ಅನ್ನುತ್ತಾರಲ್ಲ, ಹಾಗಾದರೆ ಈ "ಯೇಳ" ಯಾರ ಮಾತು? ಮರಾಠಿ ಶಾಲೆಗೆ ಹೋಗುವ ನಮ್ಮ ಮಕ್ಕಳನ್ನು ಕೇಳಿ ನೋಡಿರಿ. ಹಡಗಲಿ ತಾಲೂಕಿನ ಮೈಲಾರದಲ್ಲಿ ನಮ್ಮವರು ಕೂಗುವ "ಏಳುಕೋಟಿ"ಯೇ ಇದು. ಇಲ್ಲಿನ ಖಂಡೋಬನೇ ಅಲ್ಲಿನ ಮೈಲಾರಲಿಂಗ. ಇದನ್ನರಿತ ಮಗು ಮನೆಮಾತಿಗೆ ನಾಚುವುದಿಲ್ಲ, ನೆರೆಯ ಮಾತನ್ನು ಹಗೆಯುವುದೂ ಇಲ್ಲ.

ಆದರೆ ಹೋಟೆಲಿನವರಿಗೆ ವಾರದ ರಜೆ ಬರುವುದು ಮಕ್ಕಳು ಶಾಲೆಯಲ್ಲಿರುವ ದಿನ. ವರ್ಷಕ್ಕೆರಡು ಸಲವಾದರೂ ಅದನ್ನು ಶಾಲೆಯ ರಜೆಗೆ ಹೊಂದಿಸಿಕೊಡಿರೆಂದು ಮಾಲೀಕರನ್ನು ಒಟ್ಟಾಗಿ ಕೇಳೋಣ. ಪಗಾರದಷ್ಟೇ ಇದೂ ನಮ್ಮ ಹಕ್ಕಿನ ಮಾತು.