ಠಾಣೆಯ ಖರ್ಚು ಮತ್ತು ವರ್ಗಾವಣೆ ಕುರಿತು ಮನವಿ ಪತ್ರ

ಗೆ,
ಸರ್ಕಾರದ ಅಪರ ಮುಖ್ಯ ಕಾರ್ಯದರ್ಶಿಯವರು,
ಒಳಾಡಳಿತ ಇಲಾಖೆ, ವಿಧಾನಸೌಧ, ಬೆಂಗಳೂರು

ಇಂದ,
ನಿವೃತ್ತ ಪೊಲೀಸ್ ಸಿಬ್ಬಂದಿ, ವಕೀಲರು ಹಾಗೂ ನಾಗರಿಕರು, ದಾವಣಗೆರೆ

ವಿಷಯ: ಪೊಲೀಸ್ ಇಲಾಖೆಯಲ್ಲಿ ಲಂಚದ ಮೂಲಗಳನ್ನು ಮುಚ್ಚುವ ಬಗ್ಗೆ

ಮಾನ್ಯರೇ,

ಲಂಚ ಪಡೆದವರನ್ನು ಹಿಡಿಯಲು ಲೋಕಾಯುಕ್ತವಿದೆ. ಲಂಚ ಹುಟ್ಟುವ ಜಾಗಗಳನ್ನು ಮುಚ್ಚುವ ಅಧಿಕಾರ ಮಾತ್ರ ತಮ್ಮ ಇಲಾಖೆಯದು.

ಠಾಣಾಧಿಕಾರಿಗೆ ಕನಿಷ್ಠ ಎರಡು ವರ್ಷದ ಅವಧಿ ಇರಬೇಕು, ವರ್ಗಾವಣೆಯನ್ನು ಪೊಲೀಸ್ ಸಿಬ್ಬಂದಿ ಮಂಡಳಿಯೇ ನಿರ್ಧರಿಸಬೇಕು ಎಂದು ಸುಪ್ರೀಂ ಕೋರ್ಟ್ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ 2006ರಲ್ಲೇ ಹೇಳಿದೆ. 2012ರಲ್ಲಿ ನಮ್ಮ ಪೊಲೀಸ್ ಕಾಯ್ದೆಗೂ ತಿದ್ದುಪಡಿಯಾಯಿತು. ಮಂಡಳಿಯೂ ಇದೆ, ಶಾಸಕರ ಶಿಫಾರಸು ಪತ್ರವೂ ಇದೆ. ಹುದ್ದೆಗಾಗಿ ಹಣ ಕೊಟ್ಟು ಬಂದವನು ಮೊದಲು ನೋಡುವುದು ಕೊಟ್ಟದ್ದು ಎಂದು ವಾಪಸಾದೀತು ಎಂಬುದನ್ನೇ. 545 ಪಿಎಸ್‌ಐ ಹುದ್ದೆಗಳ ನೇಮಕಾತಿ ಹಗರಣದಲ್ಲಿ ನೇಮಕಾತಿ ವಿಭಾಗದ ಎಡಿಜಿಪಿ ಆಗಿದ್ದವರೇ 2022ರಲ್ಲಿ ಬಂಧನಕ್ಕೊಳಗಾದರು. ಕೊಟ್ಟದ್ದನ್ನು ವಾಪಸು ಪಡೆಯುವ ಲೆಕ್ಕಾಚಾರ ನೇಮಕದ ದಿನವೇ ಶುರುವಾಗಿ ವರ್ಗಾವಣೆಯಲ್ಲೂ ಮುಂದುವರಿಯುತ್ತದೆ. ಆದ್ದರಿಂದ ಅವಧಿಗೆ ಮುಂಚಿನ ಪ್ರತಿ ವರ್ಗಾವಣೆಯ ಕಾರಣವನ್ನೂ ಶಿಫಾರಸು ಮಾಡಿದವರ ಹೆಸರನ್ನೂ ಇಲಾಖೆಯ ಜಾಲತಾಣದಲ್ಲಿ ಪ್ರಕಟಿಸಬೇಕು.

ಇನ್ನೊಂದು ಮೂಲ ಠಾಣೆಯ ಖರ್ಚು. ಸುಧಾರಣೆಯ ಚರ್ಚೆಯಲ್ಲಿ ಇದನ್ನು ಎತ್ತುವವರು ಕಡಿಮೆ. ನಮ್ಮಲ್ಲಿ ಹಲವರು ಠಾಣೆಯಲ್ಲೇ ಸೇವೆ ಸವೆಸಿದವರಾದ್ದರಿಂದ ಬಿಡಿಸಿ ಹೇಳುತ್ತೇವೆ. ವಾರಸುದಾರರಿಲ್ಲದ ಶವವನ್ನು ಸಾಗಿಸಬೇಕು, ಮಣ್ಣು ಮಾಡಿಸಬೇಕು. ಆರೋಪಿಯನ್ನು ಹುಡುಕಿಕೊಂಡು ಹೊರರಾಜ್ಯಕ್ಕೆ ಹೋಗಬೇಕು. ಲಾಕಪ್ಪಿನಲ್ಲಿದ್ದವನಿಗೆ ಊಟ, ದೋಷಾರೋಪ ಪಟ್ಟಿಗೆ ಜೆರಾಕ್ಸ್, ಜೀಪಿಗೆ ಡೀಸೆಲ್. ಬಿಲ್ಲು ಮಂಜೂರಾಗುವುದು ತಿಂಗಳುಗಟ್ಟಲೆ ಕಳೆದ ಮೇಲೆ, ಅದೂ ಕತ್ತರಿ ಬಿದ್ದು. ಅಲ್ಲಿಯವರೆಗೆ ದುಡ್ಡು ಬರುವುದು ಬಾರಿನಿಂದ, ಮರಳು ಲಾರಿಯಿಂದ, ಇಸ್ಪೀಟ್ ಅಡ್ಡೆಯಿಂದ. ಹೀಗೆ ಎತ್ತಿದ ಮಾಮೂಲಿಯಲ್ಲಿ ಠಾಣೆಗೆ ಸಂದದ್ದೆಷ್ಟು, ಜೇಬಿಗಿಳಿದದ್ದೆಷ್ಟು ಎಂದು ಯಾವ ಆಡಿಟರೂ ಹೇಳಲಾರ. ಇದು ನೆಪವೇ ಇರಬಹುದು. ಆ ನೆಪವನ್ನಾದರೂ ಕಿತ್ತುಕೊಳ್ಳಿ. ಪ್ರತಿ ಠಾಣೆಗೆ ಮುಂಗಡ ನಿಧಿ ಕೊಟ್ಟು, ತಿಂಗಳ ಲೆಕ್ಕ ಪಡೆದು, ಖರ್ಚಾದದ್ದನ್ನು ಅದೇ ತಿಂಗಳು ತುಂಬಿಕೊಡಬೇಕು.

ಲಂಚದ ಆಸೆ ತಗ್ಗಲು ಸಿಬ್ಬಂದಿಯ ಸ್ಥಿತಿಯೂ ಸುಧಾರಿಸಬೇಕು. ಪೊಲೀಸರ ವೇತನ ಕುರಿತ ಔರಾದಕರ್ ಸಮಿತಿಯ ಶಿಫಾರಸುಗಳು 2019ರಲ್ಲಿ ಭಾಗಶಃ ಜಾರಿಯಾದವು, ಉಳಿದದ್ದೂ ಜಾರಿಯಾಗಲಿ. ವಾರದ ರಜೆ ಹಾಜರಿ ಪುಸ್ತಕದಲ್ಲಷ್ಟೇ ಇದ್ದರೆ ಸಾಲದು. ಪ್ರಾಮಾಣಿಕ ಕಾನ್‌ಸ್ಟೆಬಲ್‌ಗೆ ಪದಕಕ್ಕಿಂತ ದೊಡ್ಡದು ಮಕ್ಕಳ ಶಾಲೆಯಿರುವ ಊರಿನಲ್ಲೇ ಉಳಿಯುವ ಅವಕಾಶ. ದೂರುಗಳಿಲ್ಲದೆ ಐದು ವರ್ಷ ದುಡಿದವರಿಗೆ ಸ್ಥಳದ ಆಯ್ಕೆಯಲ್ಲಿ ಆದ್ಯತೆ ಸಿಗಲಿ.

ಜಿಲ್ಲಾ ಪೊಲೀಸ್ ದೂರು ಪ್ರಾಧಿಕಾರಕ್ಕೆ, 2006ರ ತೀರ್ಪಿನಂತೆ, ನಿವೃತ್ತ ಜಿಲ್ಲಾ ನ್ಯಾಯಾಧೀಶರೇ ಅಧ್ಯಕ್ಷರಾಗಬೇಕು. ಸುಪ್ರೀಂ ಕೋರ್ಟಿನ 2020ರ ಡಿಸೆಂಬರ್ ತೀರ್ಪಿನಂತೆ ಠಾಣೆಗಳ ಸಿಸಿಟಿವಿ ದೃಶ್ಯಗಳನ್ನು 18 ತಿಂಗಳು ಉಳಿಸಿ, ದೂರುದಾರರು ಕೇಳಿದಾಗ ಈ ಪ್ರಾಧಿಕಾರದ ಮುಂದಿಡಬೇಕು.

ಬರುವ ಬಜೆಟ್‌ಗೆ ಮುಂಚೆ ಮುಂಗಡ ನಿಧಿಯ ಪ್ರಸ್ತಾವವನ್ನು ಆರ್ಥಿಕ ಇಲಾಖೆಗೆ ಕಳುಹಿಸಿ, ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ.


ತಮ್ಮ ವಿಶ್ವಾಸಿಗಳು
(ಸಹಿ ಮಾಡಿದವರು)