ಕೂತ್ಕೋ ಅಜ್ಜಿ, ನಾನು ತರ್ತೀನಿ!

ನಮ್ಮ ಮನೇಲಿ ದಿನಕ್ಕೆ ಅತಿ ಹೆಚ್ಚು ಸಲ ಕೇಳಿಸ್ತಿದ್ದ ಮಾತು ಇದು. ಅಜ್ಜಿ ನೀರು ಕುಡಿಯೋಕೆ ಅಂತ ಎದ್ರೆ "ಕೂತ್ಕೊಳ್ಳಿ ಅತ್ತೆ, ನಾನು ತರ್ತೀನಿ" ಅಂತ ಅಡುಗೆಮನೆಯಿಂದ ಅಮ್ಮ. ಒಣಗಿದ ಬಟ್ಟೆ ತರೋಕೆ ಬಾಲ್ಕನಿ ಕಡೆ ಹೊರಟ್ರೆ "ನೀನ್ಯಾಕಮ್ಮ ಏಳ್ತೀಯಾ" ಅಂತ ಅಪ್ಪ. ಬೆಲ್ ಆದ್ರೆ ಲ್ಯಾಪ್‌ಟಾಪ್ ಪಕ್ಕಕ್ಕಿಟ್ಟು ಓಡೋ ನಾನು. ಎಲ್ಲಾ ಪ್ರೀತಿಯಿಂದಾನೇ, ಸುಳ್ಳಲ್ಲ. ಆದ್ರೆ ಎರಡು ವರ್ಷ ಹೀಗೆ ಪ್ರೀತಿ ಮಾಡಿ ಮಾಡಿ ಅಜ್ಜಿಯ ಕಾಲಿನ ಶಕ್ತಿಯನ್ನ ನಾವೇ ಕಿತ್ಕೊಂಡ್ವಿ ಅನ್ನೋದು ನನ್ನ ಈಗಿನ ಅಭಿಪ್ರಾಯ. ಖಾರವಾಯ್ತು ಅನ್ನಿಸಿದ್ರೆ ಪೂರ್ತಿ ಓದಿ, ಆಮೇಲೆ ಬೈಯಿರಿ :)

ತಾತ ತೀರಿಕೊಂಡ ಮೇಲೆ ಅಜ್ಜಿಯನ್ನ ತಿಪಟೂರು ಹತ್ತಿರದ ನಮ್ಮೂರಿಂದ ಬೆಂಗಳೂರಿಗೆ ಕರ್ಕೊಂಡು ಬಂದ್ವಿ. ಆಗ ಅವಳಿಗೆ 76. ಊರಲ್ಲಿ ಅವಳು ಜೀವಮಾನದಲ್ಲಿ "ವ್ಯಾಯಾಮ" ಅನ್ನೋ ಪದ ಬಳಸಿದ್ದೇ ಇಲ್ಲ. ಆದ್ರೆ ದಿನಕ್ಕೆ ಎಷ್ಟು ಸಲ ನೆಲದ ಮೇಲೆ ಕೂತು ಏಳ್ತಿದ್ಲು ಅಂತ ಈಗ ಲೆಕ್ಕ ಹಾಕಿದ್ರೆ ತಲೆ ತಿರುಗುತ್ತೆ. ಈಳಿಗೆಮಣೆ ಮುಂದೆ ಕೂತು ತರಕಾರಿ ಹೆಚ್ಚೋದು, ಬಚ್ಚಲ ಒಲೆಗೆ ಸೌದೆ ತುರುಕೋದು, ಬಾಗಿಲಿಗೆ ರಂಗೋಲಿ, ಊಟಕ್ಕೆ ಮಣೆ, ಮಧ್ಯಾಹ್ನ ಜಗಲಿ ಮೇಲೆ ಕಾಲು ಚಾಚಿ ಕೂತು ತೆಂಗಿನ ಗರಿ ಸೀಳಿ ಕಡ್ಡಿ ಪೊರಕೆ ಮಾಡೋದು. ಪ್ರತಿ ಕೆಲಸಕ್ಕೂ ಒಮ್ಮೆ ಕೂರಬೇಕು, ಒಮ್ಮೆ ಏಳಬೇಕು.

ಬೆಂಗಳೂರಿನ ಫ್ಲಾಟಲ್ಲಿ ಏಳನೇ ಮಹಡಿ, ಲಿಫ್ಟು. ಊಟಕ್ಕೆ ಟೇಬಲ್ಲು, ಮಲಗೋಕೆ ಮಂಚ, ಟಿವಿಗೆ ರಿಮೋಟು. ಅದರ ಮೇಲೆ ನನ್ನ ಕೊಡುಗೆ: ಬೋನಸ್ ದುಡ್ಡಲ್ಲಿ ತಂದ, ಕೂತ್ರೆ ಒಳಗೆ ನುಂಗಿಬಿಡೋ ಮೆತ್ತನೆ ಸೋಫಾ. ಅಜ್ಜಿ ಸುಖವಾಗಿರಲಿ ಅಂತ. ಒಂದೂವರೆ ವರ್ಷದಲ್ಲಿ ಆ ಸೋಫಾದಿಂದ ಏಳೋಕೆ ಅಜ್ಜಿಗೆ ಯಾರಾದ್ರೂ ಕೈ ಕೊಡಬೇಕಾಯ್ತು. "ವಯಸ್ಸಾಯ್ತಲ್ಲಪ್ಪ" ಅಂತ ಅವಳೂ ಅಂದ್ಕೊಂಡ್ಲು, ನಾವೂ ಅಂದ್ಕೊಂಡ್ವಿ.

ಹೋದ ವರ್ಷ ಒಂದು ಮಧ್ಯಾಹ್ನ ಅಪ್ಪನೂ ನಾನೂ ಆಫೀಸಲ್ಲಿ, ಅಮ್ಮ ಬ್ಯಾಂಕಿಗೆ ಹೋಗಿದ್ರು. ಅಜ್ಜಿ ಬಚ್ಚಲ ಬಾಗಿಲಲ್ಲಿ ಕಾಲೊರೆಸುವ ಮ್ಯಾಟ್ ಜಾರಿ ಬಿದ್ಲು. ದೇವರು ದೊಡ್ಡವನು, ಮೂಳೆ ಮುರಿಯಲಿಲ್ಲ, ಸೊಂಟಕ್ಕೆ ಒಂಚೂರು ಪೆಟ್ಟು ಅಷ್ಟೇ. ಆದ್ರೆ ಎದ್ದು ನಿಲ್ಲೋಕೆ ಆಗ್ಲಿಲ್ಲ. ಫೋನು ಹಾಲ್‌ನಲ್ಲಿ. ಮುಕ್ಕಾಲು ಗಂಟೆ ಆ ಒದ್ದೆ ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ಲು. ಅಮ್ಮ ಬಂದು ಎಬ್ಬಿಸಿದಾಗ ಹೇಳಿದ್ಲಂತೆ: "ಬಿದ್ದಿದ್ದಕ್ಕಲ್ಲ ಕಣಮ್ಮ, ಏಳಕ್ಕಾಗ್ಲಿಲ್ವಲ್ಲ ಅಂತ ಅಳು ಬಂತು."

ಜೀವನ ಪೂರ್ತಿ ನೆಲದಿಂದ ಎದ್ದವಳು!

ಆವತ್ತಿಂದ ನಾನು ಈ ವಿಷಯ ಓದೋಕೆ ಶುರು ಮಾಡಿದೆ. ನಮ್ಮ ಫೀಲ್ಡಿನವರಿಗೆ ಆಟೋ ಸ್ಕೇಲಿಂಗ್ ಗೊತ್ತಲ್ಲ? ಲೋಡ್ ಇಲ್ಲ ಅಂದ್ರೆ ಸಿಸ್ಟಮ್ ತಾನಾಗಿ ಸರ್ವರ್‌ಗಳನ್ನ ಇಳಿಸುತ್ತೆ. ದೇಹವೂ ಹಾಗೇ, ಯಾರನ್ನೂ ಕೇಳೋದಿಲ್ಲ. ಎಷ್ಟು ಬೇಗ ಇಳಿಸುತ್ತೆ ಅಂತ ನನಗೆ ಅಂದಾಜಿರಲಿಲ್ಲ. 2007ರಲ್ಲಿ ಜಾಮಾ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಇದೆ. ಸರಾಸರಿ 67 ವಯಸ್ಸಿನ ಆರೋಗ್ಯವಂತರನ್ನ ಬರೀ 10 ದಿನ ಹಾಸಿಗೆಯಲ್ಲೇ ಇರಿಸಿದ್ರು. ಕಾಲುಗಳ ಕೊಬ್ಬೇತರ ತೂಕದಲ್ಲಿ ಸುಮಾರು ಒಂದು ಕಿಲೋ ಹೋಗಿತ್ತು. ಹತ್ತೇ ದಿನ! ಜ್ವರ ಬಂದಾಗ "ಒಂದು ವಾರ ಏಳಲೇಬೇಡಿ" ಅಂತ ಹಿರಿಯರನ್ನ ಮಲಗಿಸ್ತೀವಲ್ಲ, ಅದನ್ನ ನೆನೆಸಿಕೊಳ್ಳಿ.

"ನಮ್ಮಪ್ಪ ದಿನಾ ವಾಕಿಂಗ್ ಹೋಗ್ತಾರೆ, ಏನೂ ತೊಂದರೆ ಇಲ್ಲ" ಅನ್ನೋರಿಗೆ ಒಂದು ಮಾತು. ವಾಕಿಂಗ್ ಒಳ್ಳೇದೇ, ಲಾಲ್‌ಬಾಗಲ್ಲಿ ನಾಲ್ಕು ಸುತ್ತು ಹಾಕಿ ಆಮೇಲೆ ದೋಸೆ ತಿನ್ನೋ ಅಂಕಲ್‌ಗಳ ಮೇಲೆ ನನಗೆ ಸಿಟ್ಟಿಲ್ಲ :) ಆದ್ರೆ ಸಮತಟ್ಟಾದ ಜಾಗದಲ್ಲಿ ನಡೆಯೋದೇ ಬೇರೆ, ಕುರ್ಚಿಯಿಂದ ಏಳೋದು, ಎಡವಿದಾಗ ಸಾವರಿಸಿಕೊಳ್ಳೋದೇ ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ 65 ದಾಟಿದವರಿಗೆ ವಾರಕ್ಕೆ 150ರಿಂದ 300 ನಿಮಿಷದ ನಡಿಗೆಯಂಥ ಚಟುವಟಿಕೆ ಜೊತೆಗೆ ಎರಡು ದಿನವಾದ್ರೂ ಸ್ನಾಯು ಬಲಪಡಿಸುವ ವ್ಯಾಯಾಮ, ಮೂರು ದಿನವಾದ್ರೂ ಸಮತೋಲನ ಮತ್ತು ಬಲಕ್ಕೆ ಒತ್ತು ಕೊಡುವ ಚಟುವಟಿಕೆ ಬೇಕು ಅನ್ನುತ್ತೆ. ನಮ್ಮ ಜನ ಮೊದಲನೇದನ್ನ ಹಿಡ್ಕೊಂಡು ಉಳಿದೆರಡನ್ನ ಬಿಟ್ಟುಬಿಟ್ಟಿದ್ದಾರೆ.

ನಿಮ್ಮ ಮನೇಲಿ ಸ್ಥಿತಿ ಹೇಗಿದೆ ಅಂತ ನೋಡೋಕೆ ಒಂದು ಕುರ್ಚಿ, ಒಂದು ಗಡಿಯಾರ ಸಾಕು. ಕೈ ಇಲ್ಲದ ಗಟ್ಟಿ ಕುರ್ಚಿಯನ್ನ ಗೋಡೆಗೆ ಒತ್ತಿಡಿ. ಎರಡೂ ಕೈ ಎದೆ ಮೇಲೆ ಅಡ್ಡ ಕಟ್ಟಿಕೊಂಡು 30 ಸೆಕೆಂಡಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರೋಕಾಗುತ್ತೆ ಅಂತ ಎಣಿಸಿ. ಪಕ್ಕದಲ್ಲಿ ನೀವು ನಿಂತಿರಬೇಕು. ಅಮೆರಿಕದ ಸಿಡಿಸಿಯ ಪಟ್ಟಿ ಪ್ರಕಾರ 65ರಿಂದ 69ರ ಹೆಂಗಸರಿಗೆ 11ಕ್ಕಿಂತ, ಗಂಡಸರಿಗೆ 12ಕ್ಕಿಂತ ಕಡಿಮೆ ಬಂದ್ರೆ ಸರಾಸರಿಗಿಂತ ಕೆಳಗೆ, ಬೀಳೋ ಅಪಾಯ ಜಾಸ್ತಿ ಅಂತ ಅರ್ಥ. ಕೈ ಊರಿದ್ರೆ ಅಂಕ ಸೊನ್ನೆ. ಅಜ್ಜಿಗೆ ಬಂದಿದ್ದು ಆ ಸೊನ್ನೆಯೇ. ಅವಳ ವಯಸ್ಸಿಗೆ 10 ಬರಬೇಕಿತ್ತು.

ಇನ್ನು ಮಾಡಿದ್ದೇನು ಅಂತ. ಒಬ್ಬ ಫಿಸಿಯೋಥೆರಪಿಸ್ಟ್ ಮನೆಗೆ ನಾಲ್ಕು ಸಲ ಬಂದ್ರು. ಚಿಕ್ಕ ಹುಡುಗಿ, ಅಜ್ಜಿ ಜೊತೆ ಹತ್ತು ನಿಮಿಷ ಕೊಬ್ಬರಿ ರೇಟಿನ ಬಗ್ಗೆ ಮಾತಾಡಿ ಆಮೇಲೆ ಕೆಲಸ ಶುರು ಮಾಡಿದ್ರು. ಮೆಷಿನ್ ಇಲ್ಲ, ಡಂಬೆಲ್ ಇಲ್ಲ. ಮೊದಲು ಕುರ್ಚಿ ಮೇಲೆ ಎರಡು ದಪ್ಪ ದಿಂಬು ಹಾಕಿ ಎತ್ತರ ಮಾಡಿದ್ರು. ಎತ್ತರದಿಂದ ಏಳೋದು ಸುಲಭ. ಐದು ಸಲ ಎದ್ದು ಕೂರು, ಸ್ವಲ್ಪ ಸುಧಾರಿಸ್ಕೋ, ಮತ್ತೆ ಐದು. ಕೂರುವಾಗ ದೊಪ್ ಅಂತ ಬೀಳಬಾರದು, ನಿಧಾನಕ್ಕೆ ಇಳೀಬೇಕು. ಕಷ್ಟ ಇರೋದೂ ಅಲ್ಲೇ, ಲಾಭ ಇರೋದೂ ಅಲ್ಲೇ. ಎರಡು ವಾರದ ಮೇಲೆ ಒಂದು ದಿಂಬು ತೆಗೆದ್ವಿ, ಆಮೇಲೆ ಇನ್ನೊಂದು. ಪಾತ್ರೆ ತೊಳೆಯೋ ಕಟ್ಟೆ ಹಿಡ್ಕೊಂಡು ಹಿಮ್ಮಡಿ ಎತ್ತಿ ಇಳಿಸೋದು, ಅದೇ ಕಟ್ಟೆ ಹಿಡ್ಕೊಂಡು ಒಂಟಿ ಕಾಲಲ್ಲಿ ನಿಲ್ಲೋದು. ಹಾಲು ಉಕ್ಕೋ ತನಕ ಕಾಯ್ತಾ ಇವೆರಡೂ ಮುಗಿಯುತ್ತೆ, ಬೇರೆ ಟೈಮ್ ಬೇಡ.

ನನಗೆ ತುಂಬಾ ಮುಖ್ಯ ಅನ್ನಿಸಿದ್ದು ಅವರು ಕಲಿಸಿದ ಕೊನೇ ಪಾಠ: ನೆಲದಿಂದ ಏಳೋದು. ಬಿದ್ದ ತಕ್ಷಣ ಗಾಬರಿಯಿಂದ ಏಳಬಾರದು, ಪೆಟ್ಟಾಗಿದೆಯಾ ಅಂತ ನೋಡ್ಕೋಬೇಕು. ಪಕ್ಕಕ್ಕೆ ಹೊರಳಿ, ಮೊಣಕೈ ಊರಿ, ಅಂಬೆಗಾಲಿಗೆ ಬರಬೇಕು. ಹಾಗೇ ತೆವಳಿ ಒಂದು ಗಟ್ಟಿ ಕುರ್ಚಿ ಅಥವಾ ಮಂಚದ ಹತ್ತಿರ ಹೋಗಿ, ಎರಡೂ ಕೈ ಅದರ ಮೇಲಿಟ್ಟು, ಬಲವಾದ ಕಾಲಿನ ಪಾದ ಮುಂದೆ ಊರಿ, ಒತ್ತಿ ಎದ್ದು ತಿರುಗಿ ಕೂರೋದು. ಚಾಪೆ ಹಾಸಿ ಅಭ್ಯಾಸ ಮಾಡಿಸಿದ್ರು. ಮೊದಲ ಸಲ ಅಜ್ಜಿ "ಮೊಮ್ಮಗನ ಮುಂದೆ ಅಂಬೆಗಾಲಿಡೋ ಹಂಗಾಯ್ತಲ್ಲ" ಅಂತ ನಕ್ಕಳು. ನನಗೆ ನಗು ಬರಲಿಲ್ಲ, ಆ ಮುಕ್ಕಾಲು ಗಂಟೆ ನೆನಪಾಯ್ತು.

ನೆಂಟರು ಸುಮ್ನಿರ್ತಾರಾ? "ಈ ವಯಸ್ಸಲ್ಲಿ ಕಸರತ್ತು ಮಾಡಿಸ್ತೀರಲ್ಲ, ಮಂಡಿ ಸವೆದು ಹೋಗುತ್ತೆ" ಅಂತ ಒಬ್ಬ ಚಿಕ್ಕಪ್ಪ. ಮಂಡಿಯೇನು ಚಪ್ಪಲಿಯಾ ಬಳಸಿದಷ್ಟೂ ಸವೆಯೋಕೆ? ಬ್ರಿಟನ್ನಿನ ನೈಸ್ ಸಂಸ್ಥೆಯ 2022ರ ಮಾರ್ಗಸೂಚಿ ಮಂಡಿನೋವಿನ ಆರ್ಥ್ರೈಟಿಸ್ ಇರೋರಿಗೂ ಅವರವರಿಗೆ ತಕ್ಕ ವ್ಯಾಯಾಮವನ್ನೇ ಸೂಚಿಸುತ್ತೆ. ಶುರುವಿನಲ್ಲಿ ಸ್ವಲ್ಪ ನೋವು ಇರುತ್ತೆ ಅಂತಲೂ ಒಪ್ಪಿಕೊಳ್ಳುತ್ತೆ. ಹಾಗಂತ ಕಣ್ಣು ಮುಚ್ಚಿ ಮಾಡಿಸಬೇಡಿ. ಎದೆ ನೋವು, ಎದ್ದಾಗ ತಲೆ ಸುತ್ತು, ಈಚೆಗೆ ಆಪರೇಷನ್, ತೀರಾ ಟೊಳ್ಳಾದ ಮೂಳೆ ಇದ್ರೆ ಮೊದಲು ಡಾಕ್ಟರನ್ನ ಕೇಳಿ. ಬಿಪಿ ಮಾತ್ರೆ ತಗೊಳ್ಳೋರು ಎದ್ದ ತಕ್ಷಣ ಹೊರಡದೆ ಒಂದು ಕ್ಷಣ ನಿಲ್ಲೋದು ವಾಸಿ.

ಇನ್ನೊಬ್ಬರು "ಇದೆಲ್ಲ ಫಾರಿನ್ನಿನವರದ್ದು, ಯೋಗ ಮಾಡಿಸಿ" ಅಂದ್ರು. ಮಾಡಿಸೋಣ ಸ್ವಾಮಿ, ಬೇಡ ಅಂದವರ್ಯಾರು? ನಮ್ಮ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರರು ಯೋಗಕ್ಕೆ ಕುರ್ಚಿ, ಬೆಲ್ಟು, ಮರದ ತುಂಡುಗಳನ್ನ ತಂದಿದ್ದು ದೇಹ ಬಗ್ಗದವರೂ ಮಾಡಲಿ ಅಂತಲೇ. ಅಜ್ಜಿಯ ಕುರ್ಚಿಗೆ ಯಾವ ಹೆಸರಿಟ್ರೂ ನನಗೆ ಒಪ್ಪಿಗೆ.

ಈ ವಾದದಲ್ಲಿ ಒಂದು ಹಳ್ಳ ಇದೆ, ನಾನೇ ತೋರಿಸಿಬಿಡ್ತೀನಿ. "ಹಿಂದಿನ ಕಾಲವೇ ಚೆನ್ನಾಗಿತ್ತು, ಕಮೋಡು ಕಿತ್ತಾಕಿ, ಮಿಕ್ಸಿ ಬಿಸಾಕಿ" ಅಂತ ನಾನು ಹೇಳ್ತಿಲ್ಲ. ಅದೇ ಊರಲ್ಲಿ ಹೊಗೆ ಒಲೆ ಮುಂದೆ, ಒರಳು ಕಲ್ಲಿನ ಮುಂದೆ ಬೆನ್ನು ಬಗ್ಗಿಹೋದ ಹೆಂಗಸರನ್ನೂ ನೋಡಿದ್ದೀನಿ. ನಮ್ಮಜ್ಜಿಗೆ ಕಮೋಡು ಬೇಕೇ ಬೇಕು. ಬಚ್ಚಲಿಗೆ ಹಿಡಿಕೆ ಹಾಕಿಸಿದ್ವಿ, ಆ ದರಿದ್ರ ಮ್ಯಾಟನ್ನ ಕಸಕ್ಕೆ ಹಾಕಿದ್ವಿ. ನಾನು ಹೇಳ್ತಿರೋದು ಇಷ್ಟೇ: ಕಷ್ಟವನ್ನ ತೆಗೆಯುವಾಗ ಅದರ ಒಳಗಿದ್ದ ಏಳೋದು ಕೂರೋದನ್ನೂ ತೆಗೀತಾ ಇದ್ದೀವಿ, ಅದರ ಜಾಗದಲ್ಲಿ ಏನನ್ನೂ ಇಡ್ತಿಲ್ಲ.

"78ಕ್ಕೆ ಶುರು ಮಾಡಿ ಏನುಪಯೋಗ?" ಅನ್ನೋರಿಗೆ 1990ರ ಒಂದು ಪ್ರಯೋಗ ಹೇಳ್ತೀನಿ. ಬಾಸ್ಟನ್ನಿನ ಒಂದು ಆರೈಕೆ ಕೇಂದ್ರದಲ್ಲಿ ಸರಾಸರಿ 90 ವಯಸ್ಸಿನ ಹತ್ತು ಜನರಿಗೆ 8 ವಾರ ಕಾಲಿನಿಂದ ಭಾರ ಎತ್ತಿಸಿದ್ರು, ಪಕ್ಕದಲ್ಲೇ ನಿಂತು. ಪೂರ್ತಿ ಮಾಡಿದ ಒಂಬತ್ತು ಜನರ ಕಾಲಿನ ಬಲ ಸರಾಸರಿ 174 ಪ್ರತಿಶತ ಹೆಚ್ಚಿತು. ಸರ್ವರ್ ಮತ್ತೆ ಮೇಲೇರುತ್ತೆ ಸ್ವಾಮಿ, ಲೋಡ್ ಕೊಡಬೇಕು ಅಷ್ಟೇ.

ಅಜ್ಜಿಯ ಲೆಕ್ಕ ಮೂರು ತಿಂಗಳಿಗೆ 4, ಈಗ 7. ಹತ್ತಕ್ಕೆ ಇನ್ನೂ ಮೂರು ಬಾಕಿ. ಸೋಫಾ ನನ್ನ ರೂಮಿಗೆ ಬಂದಿದೆ. ಅಮ್ಮ ಈಗ ಸೊಪ್ಪಿನ ಕಟ್ಟು ತಂದು "ಅತ್ತೆ, ಇದನ್ನ ಸೋಸಿ ಒಳಗೆ ತಂದ್ಕೊಡಿ" ಅಂತಾರೆ. ಮೊದಮೊದಲು ಅಮ್ಮನಿಗೆ ಅದು ಹೇಳೋಕೇ ಆಗ್ತಿರಲಿಲ್ಲ, ವಯಸ್ಸಾದ ಅತ್ತೆ ಕೈಲಿ ಕೆಲಸ ಮಾಡಿಸ್ತಾಳೆ ಅಂತ ಯಾರಾದ್ರೂ ಅಂದ್ರೆ ಅನ್ನೋ ಭಯ. ಅಂದರೂ ಅಂದ್ರು, ಅದೇ ಚಿಕ್ಕಪ್ಪ!

ಮೊನ್ನೆ ಭಾನುವಾರ ನಾನೂ ಒಂದು ಪರೀಕ್ಷೆ ಮಾಡ್ಕೊಂಡೆ. ಬ್ರೆಜಿಲ್‌ನ ವೈದ್ಯ ಕ್ಲಾಡಿಯೋ ಗಿಲ್ ಅರೌಜೋ ತಂಡದ್ದು. ಏನನ್ನೂ ಹಿಡಿಯದೆ ನೆಲಕ್ಕೆ ಕೂರೋದಕ್ಕೆ 5, ಏಳೋದಕ್ಕೆ 5 ಅಂಕ. ಕೈಯೋ ಮಂಡಿಯೋ ಊರಿದ ಪ್ರತಿ ಸಲ ಒಂದು ಅಂಕ ಕಟ್, ತೂರಾಡಿದ್ರೆ ಅರ್ಧ. 51ರಿಂದ 80 ವಯಸ್ಸಿನ 2002 ಜನರ ಮೇಲೆ ಮಾಡಿ 2012ರಲ್ಲಿ ಪ್ರಕಟಿಸಿದ್ರು, ಅಂಕ ಕಡಿಮೆ ಇದ್ದವರಲ್ಲಿ ಮುಂದಿನ ವರ್ಷಗಳಲ್ಲಿ ಸಾವು ಹೆಚ್ಚಿತ್ತು. ನೆಲದ ಮೇಲೆ ಕೂತ್ರೆ ಆಯಸ್ಸು ಜಾಸ್ತಿ ಅಂತ ಇದರ ಅರ್ಥ ಅಲ್ಲ, ವಾಟ್ಸಾಪಲ್ಲಿ ಹಾಗೆ ಫಾರ್ವರ್ಡ್ ಮಾಡಬೇಡಿ ಮತ್ತೆ. ದಿನಕ್ಕೆ ಹತ್ತು ಗಂಟೆ ಕುರ್ಚಿಯಲ್ಲಿ ಕೂರೋ, 28 ವಯಸ್ಸಿನ ನನಗೆ ಬಂದಿದ್ದು ಏಳೂವರೆ. ಏಳುವಾಗ ಒಂದು ಕೈ ನೆಲಕ್ಕೆ, ಇನ್ನೊಂದು ಮಂಡಿ ಮೇಲೆ, ಕೂರುವಾಗ ತೂರಾಟ ಬೇರೆ.

ಅಜ್ಜಿ ಕುರ್ಚಿಯಲ್ಲಿ ಕೂತು ಎಲ್ಲಾ ನೋಡ್ತಿದ್ಲು. "ಎದ್ದೇಳು ಮಗ, ಕೈ ಕೊಡ್ಲಾ?" ಅಂದ್ಲು :)