ವಿಷದ ವಿವರ ಕನ್ನಡದಲ್ಲಿ ಸಿಗಲಿ

1984ರ ಡಿಸೆಂಬರ್ 2ರ ರಾತ್ರಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಅನಿಲ ಸೋರಿದಾಗ ಸಾವಿರಾರು ಜನ ಕಣ್ಣುರಿ, ಉಸಿರುಕಟ್ಟುವಿಕೆಯಿಂದ ನರಳುತ್ತ ಆಸ್ಪತ್ರೆಗೆ ಓಡಿದರು. ಅದು ಯಾವ ಅನಿಲ, ಅದಕ್ಕೆ ಚಿಕಿತ್ಸೆ ಏನು ಎಂಬುದು ಅಲ್ಲಿದ್ದ ವೈದ್ಯರಿಗೇ ಸರಿಯಾಗಿ ತಿಳಿದಿರಲಿಲ್ಲ. ಒದ್ದೆ ಬಟ್ಟೆಯಿಂದ ಮುಖ ಮುಚ್ಚಿಕೊಳ್ಳಿ ಎಂಬ ಒಂದು ಮಾತು ಸಕಾಲಕ್ಕೆ ತಲುಪಿದ್ದರೂ ಎಷ್ಟೋ ಜನರಿಗೆ ನೆರವಾಗುತ್ತಿತ್ತು.

ಆ ದುರಂತದ ನಂತರ ಅಮೆರಿಕ 1986ರಲ್ಲಿ ಕಾನೂನು ತಂದಿತು. ಕಾರ್ಖಾನೆಗಳು ಯಾವ ವಿಷವಸ್ತುವನ್ನು ಎಷ್ಟು ಹೊರಬಿಡುತ್ತವೆ ಎಂಬ ಲೆಕ್ಕವನ್ನು ಪ್ರತಿವರ್ಷ ಸಲ್ಲಿಸಬೇಕು, ಸರ್ಕಾರ ಅದನ್ನು ಕಂಪ್ಯೂಟರ್ ಮೂಲಕ ಜನರಿಗೆ ತೆರೆದಿಡಬೇಕು ಎಂದು ವಿಧಿಸಿತು. ನಮ್ಮಲ್ಲೂ 1987ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿಯಾಗಿ, ಅಪಾಯಕಾರಿ ಕಾರ್ಖಾನೆಗಳು ಕಾರ್ಮಿಕರಿಗೂ ಸುತ್ತಮುತ್ತಲ ಜನರಿಗೂ ಮಾಹಿತಿ ಕೊಡಬೇಕೆಂಬ ನಿಯಮ ಬಂತು. ಸತ್ತವರು ನಮ್ಮವರು, ನಿಯಮವೂ ನಮ್ಮಲ್ಲಿದೆ. ಆದರೆ ಮೊಬೈಲ್ ತೆರೆದರೆ ಕೈಗೆ ಸಿಗುವಂಥ ಮಾಹಿತಿ ಬೆಳೆದದ್ದು ಅಲ್ಲಿ.

ಇವತ್ತು ಇಂಗ್ಲಿಷ್ ಬಲ್ಲವರಿಗೆ ವಿಷವಸ್ತುಗಳ ಬಗ್ಗೆ ಅಂತರ್ಜಾಲದಲ್ಲಿ ಕೊರತೆಯಿಲ್ಲ. ಪಬ್‌ಕೆಮ್ ಎಂಬ ಮಾಹಿತಿಕೋಶದಲ್ಲಿ ಕೋಟ್ಯಂತರ ರಾಸಾಯನಿಕಗಳ ವಿವರವಿದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಸೇರಿ ರೂಪಿಸಿದ ರಾಸಾಯನಿಕ ಸುರಕ್ಷತಾ ಕಾರ್ಡುಗಳಿವೆ. ಎಲ್ಲವೂ ಉಚಿತ. ಕನ್ನಡದಲ್ಲಿ ಹುಡುಕಿದರೆ ಸಿಗುವುದು ಬಹುಪಾಲು ಮನೆಮದ್ದು, ವಾಟ್ಸಾಪ್ ಸಂದೇಶ, ಯಾರು ಹೇಳಿದರೆಂದು ಗೊತ್ತಾಗದ ವಿಡಿಯೊ. ವಿಷ ಹೊಟ್ಟೆಗೆ ಹೋದವರಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿ ಎಂಬ ಸಲಹೆ ಇನ್ನೂ ಹರಿದಾಡುತ್ತಿದೆ. ಅದರಿಂದ ರಕ್ತದಲ್ಲಿ ಸೋಡಿಯಂ ಮಿತಿಮೀರಿ ಏರಬಹುದು, ವಾಂತಿ ಶ್ವಾಸಕೋಶಕ್ಕೆ ಇಳಿಯಬಹುದು. ಉಳಿಯಬಹುದಾದ ಜೀವ ಆ ಸಲಹೆಯಿಂದಲೇ ಹೋಗಬಹುದು.

ಈ ಕೊರತೆಯ ಭಾರ ಮೊದಲು ಬೀಳುವುದು ಹೊಲದಲ್ಲಿ ಔಷಧಿ ಹೊಡೆಯುವವರ ಮೇಲೆ. ಕೀಟನಾಶಕದ ಡಬ್ಬಿಯೊಂದನ್ನು ಕೈಗೆತ್ತಿಕೊಂಡು ನೋಡಿ. ಮೂಲೆಯ ಮೇಲೆ ನಿಲ್ಲಿಸಿದ ಚೌಕ, ಅದರೊಳಗೆ ಎರಡು ತ್ರಿಕೋನ. ಕೆಳಗಿನ ತ್ರಿಕೋನದ ಬಣ್ಣ ವಿಷದ ತೀವ್ರತೆ ಹೇಳುತ್ತದೆ: ಕೆಂಪು ಅತಿ ತೀವ್ರ, ನಂತರ ಹಳದಿ, ನೀಲಿ, ಕೊನೆಗೆ ಹಸಿರು. ಜೊತೆಗೆ ಹತ್ತಾರು ಮಡಿಕೆಯ ಕರಪತ್ರ. ಅದರಲ್ಲಿ ಕನ್ನಡವಿದ್ದರೂ ಅಕ್ಷರ ಸಾಸಿವೆಗಿಂತ ಸಣ್ಣದು. ಆ ಬಣ್ಣ ಹೇಳುವುದು ಒಮ್ಮೆಲೇ ದೇಹಕ್ಕೆ ಸೇರಿದರೆ ಆಗುವ ಅಪಾಯವನ್ನು ಮಾತ್ರ. ವರ್ಷಗಟ್ಟಲೆ ಸ್ವಲ್ಪಸ್ವಲ್ಪವೇ ಸೇರಿದರೆ ಏನಾದೀತೆಂದು ಅದು ಹೇಳುವುದಿಲ್ಲ. ಹಸಿರು ಕಂಡು ನಿಶ್ಚಿಂತೆಯಿಂದ ಬರಿಗೈಯಲ್ಲಿ ಕಲಸುವವರಿಗೆ ಇದನ್ನು ತಿಳಿಸುವವರು ಯಾರು?

2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ್ ಜಿಲ್ಲೆಯಲ್ಲಿ ಹತ್ತಿಗೆ ಔಷಧಿ ಸಿಂಪಡಿಸುತ್ತಿದ್ದ 20ಕ್ಕೂ ಹೆಚ್ಚು ಮಂದಿ ಸತ್ತರು, ನೂರಾರು ಜನ ಆಸ್ಪತ್ರೆ ಸೇರಿದರು. ನಮ್ಮ ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆ ಭಾಗದಲ್ಲಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದು ವರ್ಷಗಟ್ಟಲೆ. ಅದರ ಮೇಲೆ ಸುಪ್ರೀಂ ಕೋರ್ಟ್ ದೇಶವ್ಯಾಪಿ ನಿಷೇಧ ಹೇರಿದ್ದು 2011ರ ಮೇ ತಿಂಗಳಲ್ಲಿ. ತಲೆಯ ಮೇಲೆ ಬೀಳುತ್ತಿರುವುದು ಏನೆಂದು ಅದರಡಿ ಬದುಕಿದ ಜನಕ್ಕೆ ಮೊದಲೇ ತಿಳಿಯಬೇಕಿತ್ತು.

ಇಂಗ್ಲಿಷ್ ಪುಟಗಳನ್ನು ಯಂತ್ರದಿಂದ ಕನ್ನಡಕ್ಕೆ ತಿರುಗಿಸಿಬಿಟ್ಟರೆ ಕೆಲಸ ಮುಗಿಯದು. ಕಳೆನಾಶಕ ಗ್ಲೈಫೊಸೇಟನ್ನೇ ತೆಗೆದುಕೊಳ್ಳಿ. ಅದು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಂಭವವಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವಾದ ಐಎಆರ್‌ಸಿ 2015ರ ಮಾರ್ಚ್‌ನಲ್ಲಿ ಹೇಳಿತು. ಅದೇ ವರ್ಷದ ನವೆಂಬರ್‌ನಲ್ಲಿ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ, ಅಂಥ ಸಂಭವ ಕಾಣದು ಎಂದಿತು. ಐಎಆರ್‌ಸಿ ನೋಡುವುದು ಆ ವಸ್ತುವಿಗೆ ಕ್ಯಾನ್ಸರ್ ತರುವ ಗುಣವಿದೆಯೇ ಎಂದು. ಎಷ್ಟು ಪ್ರಮಾಣದಲ್ಲಿ, ಯಾವ ದಾರಿಯಿಂದ ದೇಹ ಸೇರಿದರೆ ಎಷ್ಟು ಅಪಾಯ ಎಂಬ ಲೆಕ್ಕ ಬೇರೆ. ಎರಡು ಸಂಸ್ಥೆಗಳು ತೂಗಿದ ಅಧ್ಯಯನಗಳೂ ಪೂರ್ತಿ ಒಂದೇ ಆಗಿರಲಿಲ್ಲ. ಇದನ್ನು ಬಿಡಿಸಿ ಹೇಳುವವರಿಲ್ಲದಿದ್ದರೆ ಒಂದು ಪುಟ ಓದಿದವರು ಹೆದರುತ್ತಾರೆ, ಇನ್ನೊಂದು ಓದಿದವರು ಮೈಮರೆಯುತ್ತಾರೆ.

ಹೊರಗಿನವರ ಖಜಾನೆಯನ್ನೇ ನಂಬಿ ಕೂರುವಂತೆಯೂ ಇಲ್ಲ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ದಶಕಗಳ ಕಾಲ ನಡೆಸಿದ ವಿಷವಸ್ತು ಮಾಹಿತಿಕೋಶ ಟಾಕ್ಸ್‌ನೆಟ್ 2019ರ ಡಿಸೆಂಬರ್‌ನಲ್ಲಿ ಮುಚ್ಚಿತು. ಅದರ ಬಹುಪಾಲು ಮಾಹಿತಿ ಬೇರೆಡೆ ಸೇರಿತಾದರೂ ಜನ ಕಲಿತಿದ್ದ ದಾರಿ ತಪ್ಪಿತು. ನಮಗೆ ಬೇಕಾದ್ದನ್ನು ನಾವೇ ಕಟ್ಟಿ, ನಾವೇ ಕಾಪಾಡಿಕೊಳ್ಳಬೇಕು.

ಬೆಂಗಳೂರು, ಧಾರವಾಡ, ರಾಯಚೂರು, ಶಿವಮೊಗ್ಗದ ಕೃಷಿ ವಿಶ್ವವಿದ್ಯಾಲಯಗಳೂ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವೂ ಒಟ್ಟಿಗೆ ಕೂತರೆ ಆಗುವ ಕೆಲಸವಿದು. ರಾಜ್ಯದಲ್ಲಿ ಮಾರಾಟವಾಗುವ ಪ್ರತಿ ಕೀಟನಾಶಕ, ಕಳೆನಾಶಕಕ್ಕೆ ಒಂದೊಂದು ಕನ್ನಡ ಪುಟ ಇರಲಿ. ಅಂಗಡಿಯಲ್ಲಿ ಮಾರುವ ಹೆಸರು, ರಾಸಾಯನಿಕದ ಹೆಸರು, ವಿಷಬಾಧೆಯ ಲಕ್ಷಣ, ತಕ್ಷಣ ಮಾಡಬೇಕಾದ್ದು, ಮಾಡಲೇಬಾರದ್ದು, ದೀರ್ಘಕಾಲದ ಪರಿಣಾಮ ಅದರಲ್ಲಿರಲಿ. ಬರೆದವರು ಯಾರು, ಪರಿಷ್ಕರಿಸಿದ್ದು ಯಾವಾಗ ಎಂಬುದೂ ಕಾಣಲಿ. ಓದು ಬಾರದವರಿಗೆ ಅದೇ ಮಾತು ಧ್ವನಿಯಲ್ಲಿ ಸಿಗಲಿ, ಡಬ್ಬಿಯ ಮೇಲಿನ ಕ್ಯುಆರ್ ಕೋಡ್ ಸ್ಕ್ಯಾನ್ ಮಾಡಿದರೆ ನೇರ ಅಲ್ಲಿಗೇ ಹೋಗಲಿ.

ಅಲ್ಲಿಯತನಕ ಇಷ್ಟನ್ನಾದರೂ ಮನೆಮಂದಿಗೆಲ್ಲ ಹೇಳಿಡಿ. ಮೈಮೇಲೆ ಔಷಧಿ ಚೆಲ್ಲಿದರೆ ಬಟ್ಟೆ ಕಳಚಿ ಸೋಪು ಹಾಕಿ ಧಾರಾಳ ನೀರಿನಲ್ಲಿ ತೊಳೆಯಿರಿ. ಹೊಟ್ಟೆಗೆ ಹೋಗಿದ್ದರೆ ವಾಂತಿ ಮಾಡಿಸಬೇಡಿ, ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ. 108ಕ್ಕೆ ಕರೆ ಮಾಡಿ. ಆಸ್ಪತ್ರೆಗೆ ಹೋಗುವಾಗ ಡಬ್ಬಿಯನ್ನು ಮರೆಯದೆ ಒಯ್ಯಿರಿ. ಯಾವ ವಿಷ ಎಂದು ತಿಳಿದರೆ ವೈದ್ಯರು ಚಿಕಿತ್ಸೆಯ ದಾರಿ ಬೇಗ ಕಂಡುಕೊಳ್ಳುತ್ತಾರೆ. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117.

ವಿಷ ಮಾರಲು ಪರವಾನಗಿ ಕೊಡುವ ಸರ್ಕಾರಕ್ಕೆ, ಅದು ದೇಹಕ್ಕೆ ಏನು ಮಾಡುತ್ತದೆಂದು ಕೊಳ್ಳುವವರ ಭಾಷೆಯಲ್ಲಿ ಹೇಳುವ ಹೊಣೆಯೂ ಇದೆ. ಮುಂದಿನ ಮುಂಗಾರಿನ ಸಿಂಪಡಣೆ ಶುರುವಾಗುವ ಮೊದಲು ಆ ಕೆಲಸ ಆರಂಭವಾಗಲಿ.